ತಾತ ಇನ್ನೂ ಕೂತಿರಲಿಲ್ಲ

ಜನವರಿ ೧೪

ಅಕ್ಕಾ,

ಈ ಸಲ ಕಾಗದ ತಡವಾಯ್ತು, ಬೈಕೋಬೇಡ. ನನಗೆ ಹೊಸ ರೂಟು ಕೊಟ್ಟಿದ್ದಾರೆ. ಬೆಳಿಗ್ಗೆ ಆರೂ ಹತ್ತಕ್ಕೆ ಬಸ್ಸು ಡಿಪೋ ಬಿಟ್ಟರೆ ಆಸ್ಪತ್ರೆ, ಮಾರುಕಟ್ಟೆ, ಕೋರ್ಟು ಸುತ್ತಿಕೊಂಡು ಮತ್ತೆ ಡಿಪೋ. ದಿನಕ್ಕೆ ಆರು ಸುತ್ತು. ಕಂಡಕ್ಟರ್ ಇಲ್ಲ. ಟಿಕೆಟ್ ಕೊಡೋದು ಯಂತ್ರ, ಓಡಿಸೋದೂ ಬೈಸಿಕೊಳ್ಳೋದೂ ನಾನು. ನಮ್ಮನೆಯವರಿಗೆ ನಲ್ಲಿ-ಪೈಪಿನ ಕೆಲಸ ಕೈತುಂಬಾ ಇದೆ. ಊರವರ ನಲ್ಲಿಯೆಲ್ಲ ರಿಪೇರಿ ಮಾಡ್ತಾರೆ, ನಮ್ಮ ಅಡುಗೆಮನೆಯದು ಮಾತ್ರ ತೊಟ್ಟಿಕ್ಕುತ್ತಲೇ ಇದೆ.

ಒಂದು ವಿಷಯ. ಹೋದ ವಾರ ನನ್ನ ಬಸ್ಸಲ್ಲಿ ಒಬ್ಬರು ತಾತ ಬಿದ್ದುಬಿಟ್ಟರು. ಎಪ್ಪತ್ತಾರು ವರ್ಷ. ಬಲಗೈ ಮಣಿಕಟ್ಟು ಮುರಿದಿದೆ, ತಲೆಗೆ ಆರು ಹೊಲಿಗೆ. ಸ್ಕೂಟರಿನವನೊಬ್ಬ ಅಡ್ಡ ಬಂದ, ನಾನು ಬ್ರೇಕ್ ಹಾಕಿದೆ, ಅಷ್ಟೇ. ಆ ವಯಸ್ಸಿನವರು ಬಸ್ಸು ನಿಲ್ಲೋ ಮುಂಚೆ ಸೀಟು ಬಿಟ್ಟು ಏಳ್ತಾರೆ, ಗೊತ್ತಲ್ಲ. ಡಿಪೋದಲ್ಲಿ ವರದಿ ಬರೆದುಕೊಟ್ಟೆ, ನನ್ನ ತಪ್ಪಿಲ್ಲ ಅಂತ ಆಯ್ತು. ಆದರೂ ಮನಸ್ಸು ತಡೀಲಿಲ್ಲ. ಎರಡು ಸಲ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದೆ, ಕಿತ್ತಳೆ ಸುಲಿದು ಕೊಟ್ಟೆ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದಿದವರಂತೆ. ನಾನು ತಂದ ಹಣ್ಣಿನ ಚೀಲದ ಮೇಲೆ ಅಂಗಡಿಯ ಹೆಸರಿತ್ತಲ್ಲ, ಅದರಲ್ಲೇ ಒಂದು ತಪ್ಪು ಹಿಡಿದರು!

ನಿನ್ನ ನೋಡಬೇಕು ಅನ್ನಿಸ್ತಿದೆ ಅಕ್ಕಾ. ರೈಲಲ್ಲಿ ಹತ್ತೊಂಬತ್ತು ಗಂಟೆ ತಾನೆ. ಈ ತಿಂಗಳ ಕೊನೆಗೆ ಎರಡು ದಿನ ರಜಾ ಸಿಗುತ್ತೆ. ಬರ್ಲಾ? ಸ್ವಲ್ಪ ಮಾತಾಡೋದಿದೆ.

ಚೂಟಿ

ಜನವರಿ ೨೫

ಪ್ರೀತಿಯ ಚೂಟಿಗೆ,

ನಿನ್ನ ಕಾಗದ ಓದಿ ಕಣ್ಣು ತುಂಬಿ ಬಂತು. ತಪ್ಪು ನಿನ್ನದಲ್ಲದಿದ್ದರೂ ಹೋಗಿ ರೋಗಿಯ ಪಕ್ಕ ಕೂತೆಯಲ್ಲ, ಇದಕ್ಕಿಂತ ದೊಡ್ಡ ಪ್ರಾರ್ಥನೆ ಯಾವುದಿದೆ? ನಾನು ಈ ಮಠದ ಗೋಡೆಯೊಳಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ದಿನಕ್ಕೆ ಏಳು ಸಲ ದೇವರ ಮುಂದೆ ನಿಲ್ಲುತ್ತೀವಿ. ನೀನು ಒಂದು ಕಿತ್ತಳೆ ಸುಲಿದು ಅಷ್ಟನ್ನೂ ಮೀರಿಸಿಬಿಟ್ಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಮದರ್ ಅವರ ಅಪ್ಪಣೆ ಪಡೆದು ನಿನ್ನ ಕಾಗದವನ್ನು ಎಲ್ಲರಿಗೂ ಓದಿ ಹೇಳಿದೆ. ಹದಿನಾಲ್ಕು ಸಿಸ್ಟರುಗಳೂ ಆ ತಾತನಿಗಾಗಿ ಪ್ರಾರ್ಥನೆ ಮಾಡುತ್ತಿದ್ದಾರೆ. ನಿನ್ನನ್ನಂತೂ ಹೊಗಳಿದ್ದೇ ಹೊಗಳಿದ್ದು.

ಇಲ್ಲಿ ಎಲ್ಲ ಎಂದಿನಂತೆ. ಪೂಜೆಯ ಹೋಸ್ತಿ ರೊಟ್ಟಿ ಸುಡುವ ಯಂತ್ರ ಕೆಟ್ಟಿತ್ತು, ಸರಿಯಾಯಿತು. ಆರ್ಗನ್ ನುಡಿಸೋದೂ ಹಾಡು ಕಲಿಸೋದೂ ಈಗಲೂ ನನ್ನ ಪಾಲಿಗೇ. ಹೊಸದಾಗಿ ಸೇರಿರೋ ಹುಡುಗಿಯೊಬ್ಬಳಿದ್ದಾಳೆ, ಬಾಯಿ ಬಿಟ್ಟು ಹಾಡೋದೇ ಇಲ್ಲ. ಪಿಸುಪಿಸು. ಎಷ್ಟು ಸಲ ಹೇಳಿದರೂ ಅಷ್ಟೇ. ನನ್ನ ತಾಳ್ಮೆಗೆ ದೇವರು ಕೊಟ್ಟ ಪರೀಕ್ಷೆ ಅಂದುಕೊಂಡಿದ್ದೀನಿ.

ನೀನು ಬರೋದು ಬೇಡ. ನಮ್ಮ ಭೇಟಿ ಕೋಣೆಯಲ್ಲಿ ಕಂಬಿಯ ಆಚೆ ಈಚೆ ಕೂತು ಒಂದು ಗಂಟೆ ಮಾತಾಡೋಕೆ ಹತ್ತೊಂಬತ್ತು ಗಂಟೆ ರೈಲಲ್ಲಿ ಯಾಕೆ ಕುಲುಕಾಡ್ತೀಯ? ಫೋನೂ ಬೇಡ. ಹೇಳೋದನ್ನು ಕಾಗದದಲ್ಲಿ ಬರಿ. ಕಾಗದವಾದರೆ ಎರಡು ಸಲ ಓದಬಹುದು.

ನಿನಗಾಗಿ ದಿನವೂ ಬೇಡುವ,
ಅಕ್ಕ

ಫೆಬ್ರವರಿ ೩

ಅಕ್ಕಾ,

ನೀನು ಬೇಡ ಅಂದಮೇಲೆ ಬರಲ್ಲ ಬಿಡು. ನೀವು ದೇವರ ಜೊತೆ ಮಾತಾಡೋ ಜನ, ನಮ್ಮ ಹರಟೆಗೆ ಹೊತ್ತೆಲ್ಲಿರುತ್ತೆ.

ಒಂದು ಬೇಡಿಕೆ. ನನ್ನ ಕಾಗದಗಳನ್ನ ಯಾರಿಗೂ ಓದಿ ಹೇಳಬೇಡ. ದಯವಿಟ್ಟು.

ತಾತನನ್ನ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಮಗನ ಮನೆ, ಮೂರನೇ ಮಹಡಿ. ಭಾನುವಾರ ಪೂಜೆ ಮುಗಿಸಿಕೊಂಡು ಹೋಗಿದ್ದೆ. ಕಿಟಕಿ ಪಕ್ಕ ಕೂತಿದ್ದರು. ಎದುರಿಗೆ ಒಂದು ಕಟ್ಟು ಕಾಗದ, ಯಾವುದೋ ಸಣ್ಣ ಮಾಸಪತ್ರಿಕೆಯ ಪ್ರೂಫು. ಈಗಲೂ ಅದೊಂದನ್ನ ತಿದ್ದಿಕೊಡ್ತಿದ್ದರಂತೆ. ಈ ಸಲ ತಿದ್ದದೆಯೇ ದಾರ ಕಟ್ಟಿ ವಾಪಸ್ ಕಳಿಸೋಕೆ ಇಟ್ಟಿದ್ದರು. ಕೈ ನೋಯುತ್ತಾ ತಾತ, ಅಂದೆ. “ಕೈ ವಾಸಿಯಾಗುತ್ತಮ್ಮ, ತಲೆಯದೇ ಅನುಮಾನ,” ಅಂದರು.

ಅವರು ಹೇಳಿದ್ದು ಹೀಗೆ: “ನಾನು ಬಸ್ ಹತ್ತಿದೆ, ಇನ್ನೂ ಕೂತೇ ಇರಲಿಲ್ಲ ಅಂತ ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪು. ಕಂಬಿಗೆ ಕೈ ಚಾಚಿದ್ದೂ ನೆನಪು. ಆದರೆ ಡಿಪೋದಿಂದ ಬಂದ ವರದಿಯಲ್ಲಿ ‘ಆಸನದಲ್ಲಿ ಕುಳಿತಿದ್ದವರು ಎದ್ದ ಕಾರಣ’ ಅಂತ ಅಚ್ಚಾಗಿದೆ. ಅಂದರೆ ಆಗದೇ ಇರೋದು ನನಗೆ ಆದ ಹಾಗೆ ಕಾಣ್ತಿದೆ. ಇಂಥ ತಲೆ ಇಟ್ಟುಕೊಂಡು ಇನ್ನೊಬ್ಬರ ತಪ್ಪು ತಿದ್ದೋದು ಹೇಗೆ?”

ಮಗ ಕೆಟ್ಟವನಲ್ಲ. ಹೆದರಿದ್ದಾನೆ. ಅಪ್ಪನ ಹತ್ತಿರ ಇದ್ದ ಬಾಗಿಲ ಬೀಗದಕೈ ತೆಗೆದಿಟ್ಟಿದ್ದಾನೆ, ಒಲೆ ಹಚ್ಚಬೇಡಿ ಅಂದಿದ್ದಾನೆ. ಪ್ರತಿ ಬುಧವಾರ ಒಬ್ಬರೇ ಗ್ರಂಥಾಲಯಕ್ಕೆ ಹೋಗ್ತಿದ್ದರು, ಅದೂ ನಿಂತಿತು.

ನಾನು ಟೀ ಕುಡಿದು ಎದ್ದು ಬಂದೆ.

ಚೂಟಿ

ಫೆಬ್ರವರಿ ೧೩

ಪ್ರೀತಿಯ ಚೂಟಿಗೆ,

ಓದಿ ಹೇಳಬೇಡ ಅಂದಿದ್ದು ನಿನ್ನ ವಿನಯ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು ಅಂತ ಬೈಬಲಿನಲ್ಲಿ ಸ್ವಾಮಿ ಹೇಳಿದ್ದನ್ನು ನೀನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದೀಯ. ಇನ್ನು ಓದೋದಿಲ್ಲ.

ತಾತನ ವಿಷಯ ಓದಿ ಸಂಕಟವಾಯಿತು. ಮುಪ್ಪು ಯಾರನ್ನು ಬಿಟ್ಟಿದೆ? ಒಂದೊಂದಾಗಿ ಕೈಬಿಡುತ್ತಾ ಹೋಗಬೇಕು, ಅದಕ್ಕೂ ಒಂದು ಕೃಪೆ ಬೇಕು. ನೀನು ಹೋದಾಗ ಅವರಿಗೆ ಮೆಲ್ಲಗೆ ಹೇಳು, ನೆನಪು ಹೋದರೂ ದೇವರು ನಮ್ಮನ್ನು ಮರೆಯೋದಿಲ್ಲ ಅಂತ. ಇದನ್ನು ಒಪ್ಪಿಕೊಳ್ಳೋದಕ್ಕೆ ಅವರಿಗೆ ನೀನೇ ಜೊತೆಯಾಗು. ದೇವರು ನಿನ್ನನ್ನು ಅಲ್ಲಿಗೆ ಕಳಿಸಿರೋದೇ ಅದಕ್ಕೆ ಅಂತ ನನಗನ್ನಿಸುತ್ತೆ.

ಹೊಸ ಹುಡುಗಿಗೆ ನಿನ್ನೆ ಎಲ್ಲರ ಮುಂದೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ನಿನಗೆ ದನಿಯೇ ಇಲ್ಲ, ಸುಮ್ಮನೆ ತುಟಿ ಆಡಿಸು ಸಾಕು ಅಂತ. ಹಾಗಾದರೂ ಛಲ ಹುಟ್ಟಲಿ ಅಂತ.

ಮುಂದಿನ ಬುಧವಾರ ಹಣೆಗೆ ಬೂದಿ. ಅಲ್ಲಿಂದ ತಪಸ್ಸು ಕಾಲ ಮುಗಿಯುವವರೆಗೆ ನಾವು ಕಾಗದ ಬರೆಯೋದೂ ಇಲ್ಲ, ಓದೋದೂ ಇಲ್ಲ, ನಿನಗೆ ಗೊತ್ತೇ ಇದೆ. ಬಂದದ್ದೆಲ್ಲ ಮದರ್ ಅವರ ಪೆಟ್ಟಿಗೆಯಲ್ಲಿ ಈಸ್ಟರ್ ಮರುದಿನದವರೆಗೆ ಹಾಗೇ ಇರುತ್ತೆ. ನಲವತ್ತು ದಿನ ಬೇಜಾರು ಮಾಡಿಕೊಳ್ಳಬೇಡ.

ನಿನ್ನ ಅಕ್ಕ

ಮಾರ್ಚ್ ೧

ಅಕ್ಕಾ,

ನೀನು ಇದನ್ನ ಈಗ ಓದಲ್ಲ ಅಂತ ಗೊತ್ತಿರೋದರಿಂದಲೇ ಬರೀತಿದ್ದೀನಿ. ನಿನ್ನ ಮುಖ ನೋಡದೆ ಹೇಳಬಹುದು.

ತಾತ ಕೂತಿರಲಿಲ್ಲ. ಅವರಿಗೆ ನೆನಪಿರೋದೇ ಸರಿ.

ಅವತ್ತು ನಾಲ್ಕು ನಿಮಿಷ ತಡವಾಗಿತ್ತು. ಆಸ್ಪತ್ರೆ ಸ್ಟಾಪಲ್ಲಿ ತಾತ ಹತ್ತಿದರು, ಟಿಕೆಟ್ ತಗೊಂಡರು. ಒಳಗಿನ ಕನ್ನಡಿಯಲ್ಲಿ ಒಂದು ಸಲ ನೋಡಿ ಹೊರಡಬೇಕು, ಅದು ನಮಗೆ ಮೊದಲ ಪಾಠ. ನಾನು ನೋಡಲಿಲ್ಲ. ಬಾಗಿಲು ಮುಚ್ಚಿ ಬಸ್ ಎತ್ತಿಬಿಟ್ಟೆ. ಸ್ಕೂಟರ್ ಅಡ್ಡ ಬಂದಿದ್ದು ನಿಜ. ಆದರೆ ತಾತ ಕೂತಿದ್ದಿದ್ದರೆ ಬೀಳ್ತಿರಲಿಲ್ಲ. ಬಸ್ಸಲ್ಲಿದ್ದಿದ್ದು ಇನ್ನಿಬ್ಬರು, ಇಬ್ಬರಿಗೂ ತೂಕಡಿಕೆ. ಕ್ಯಾಮೆರಾ ಕೆಟ್ಟು ಒಂದು ತಿಂಗಳಾಗಿತ್ತು. ವರದಿ ಬರೆಯುವಾಗ ಕೈ ತಾನಾಗಿಯೇ ಬರೆದುಬಿಡ್ತು ಅಕ್ಕಾ. ತಾನಾಗಿಯೇ ಅಂದರೆ ಸುಳ್ಳು. ನಾನೇ ಬರೆದೆ. ಈ ಸ್ಟಿಯರಿಂಗ್ ಹಿಡಿಯೋಕೆ ಮುಂಚೆ ಆರು ವರ್ಷ ಬಸ್ಸು ತೊಳೆದಿದ್ದೀನಿ. ಅವಸರದ ಚಾಲನೆ ಅಂತ ನನ್ನ ಹೆಸರಿಗೆ ಆಗಲೇ ಒಂದು ಎಚ್ಚರಿಕೆ ಇತ್ತು. ಇನ್ನೊಂದಾದರೆ ಮತ್ತೆ ಅಲ್ಲಿಗೇ ಅಂತ ಹೆದರಿಕೆ.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರಲ್ಲ, ನಾನು ಆಸ್ಪತ್ರೆಗೆ ಹೋಗಿದ್ದು ಕರುಣೆಯಿಂದಲ್ಲ. ಅವರಿಗೆ ಎಷ್ಟು ನೆನಪಿದೆ ಅಂತ ನೋಡೋಕೆ. ಆ ಕಿತ್ತಳೆ ಸುಲಿದಿದ್ದು ಅದಕ್ಕೇ. ಅದನ್ನ ನೀನು ಹದಿನಾಲ್ಕು ಜನರ ಮುಂದೆ ಓದಿದೆ.

ಈಗ ಪೂಜೆಯಲ್ಲಿ “ನಮ್ಮ ತಪ್ಪುಗಳನ್ನು ಕ್ಷಮಿಸಿ” ಅನ್ನೋ ಕಡೆ ಬಾಯಿ ಕಟ್ಟುತ್ತೆ. ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಹೋಗುವಾಗ ನಾನು ಬೆಂಚಲ್ಲೇ ಕೂತಿರ್ತೀನಿ. ನಮ್ಮನೆಯವರು ಯಾಕೆ ಅಂದರು. ಹೊಟ್ಟೆ ಸರಿಯಿಲ್ಲ ಅಂದೆ. “ನಿನ್ನ ಹೊಟ್ಟೆ ಭಾನುವಾರವೇ ನೋಡಿಕೊಂಡು ಕೆಡುತ್ತಲ್ಲ,” ಅಂದರು.

ನೀನು ಹೇಳಿದ ಹಾಗೆ ಮುಪ್ಪನ್ನು ಒಪ್ಪಿಕೊಳ್ಳಿ ಅಂತ ತಾತನಿಗೆ ಹೇಳೋಕೆ ಹೋಗಿದ್ದೆ, ಕೇಳು. ಹೇಳಿಯೂ ಬಿಟ್ಟೆ. ಅವರು ತಲೆ ಆಡಿಸಿದರು. “ಹೌದಮ್ಮ, ಒಪ್ಪಿಕೊಂಡೆ,” ಅಂದರು. ನಾನು ಮೆಟ್ಟಿಲ ಕಂಬಿ ಹಿಡಿದುಕೊಂಡು ಇಳಿದೆ.

ಚೂಟಿ

ಮಾರ್ಚ್ ೨೨

ಅಕ್ಕಾ,

ಇದನ್ನೂ ಪೆಟ್ಟಿಗೆಯಲ್ಲೇ ಓದದೆ ಇಟ್ಟಿರ್ತಾರೆ. ಇರಲಿ.

ಪಾಪನಿವೇದನೆಗೆ ಹೋದೆ. ಫಾದರ್‌ಗೆ ನೆಗಡಿ, ಎರಡು ಮಾತಿಗೊಂದು ಸೀನು. ಗಂಭೀರವಾಗಿ ಅಳೋಕೂ ಬಿಡಲಿಲ್ಲ. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. “ದೇವರ ಕ್ಷಮೆ ನಿನಗೆ ಸಿಗುತ್ತಮ್ಮ, ಅದಕ್ಕೆ ಅನುಮಾನ ಬೇಡ. ಆದರೆ ಆ ಹಿರಿಯರದ್ದು ಒಂದು ವಸ್ತು ನಿನ್ನ ಹತ್ತಿರ ಉಳಿದುಬಿಟ್ಟಿದೆಯಲ್ಲ, ಅದನ್ನ ವಾಪಸ್ ಕೊಟ್ಟು ಬಾ,” ಅಂದರು. ಕೆಲಸ ಹೋದರೆ ಫಾದರ್, ಅಂದೆ. ಇನ್ನೊಂದು ಸಲ ಸೀನಿ, “ಹೋಗಬಹುದು,” ಅಂದರು. ಹೋಗಲ್ಲ ಅಂತಾರೇನೋ ಅಂತ ಕಾದಿದ್ದೆ. ಅನ್ನಲಿಲ್ಲ.

ರಾತ್ರಿ ನಮ್ಮನೆಯವರಿಗೆ ಹೇಳಿದೆ. ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಅಡುಗೆಮನೆಯ ನಲ್ಲಿ ರಿಪೇರಿ ಮಾಡಿದರು. ಕೈ ಒರೆಸಿಕೊಳ್ತಾ, “ಯಾವಾಗ ಹೋಗ್ತೀಯ, ನಾನು ಕೆಳಗೆ ನಿಂತಿರ್ತೀನಿ,” ಅಂದರು.

ಹೋದ ಭಾನುವಾರ ಹೋದೆವು. ಅವರು ಬೀದಿಯಲ್ಲಿ ನಿಂತರು, ನಾನು ಮೂರು ಮಹಡಿ ಹತ್ತಿದೆ. ಕೂತ್ಕೊಳಮ್ಮ ಅಂದರೂ ಕೂರಲಿಲ್ಲ. “ತಾತ, ನೀವು ಕೂತಿರಲಿಲ್ಲ. ನೀವು ಕೂರೋ ಮುಂಚೆ ನಾನು ಬಸ್ ಎತ್ತಿದೆ. ವರದಿಯಲ್ಲಿ ಸುಳ್ಳು ಬರೆದೆ,” ಅಂತ ಒಂದೇ ಉಸಿರಲ್ಲಿ ಹೇಳಿದೆ.

ಅವರು ಕನ್ನಡಕ ತೆಗೆದರು, ಹಾಕಿಕೊಂಡರು. “ಇನ್ನೊಂದು ಸಲ ಹೇಳಿ. ನಿಧಾನವಾಗಿ.”

ಹೇಳಿದೆ.

“ನಾನು ಕಂಬಿಗೆ ಕೈ ಚಾಚಿದ್ದೆನಾ?”

“ಅದು ನಾನು ನೋಡಲಿಲ್ಲ ತಾತ. ನೋಡದೇ ಇದ್ದಿದ್ದೇ ತಪ್ಪು.”

ಅವರು ಗಟ್ಟಿಯಾಗಿ ಮಗನನ್ನ ಕೂಗಿದರು. ಮೂರನೇ ಸಲ ಅವನ ಮುಂದೆ ಹೇಳಿಸಿದರು. ಅವನ ಮುಖ ಕೆಂಪಾಯ್ತು. “ನಮ್ಮ ಮನೆಗೆ ಬಂದು, ನಮ್ಮ ಟೀ ಕುಡಿದು, ಇಷ್ಟು ದಿನ ಬಾಯಿ ಬಿಡದೆ ಕೂತಿದ್ರಲ್ಲ! ಎದ್ದು ಹೋಗ್ರಿ ಮೊದಲು,” ಅಂದ. ನಾನು ನಿಂತೇ ಇದ್ದೆ, ಏಳೋಕೇನಿದೆ. ಬಾಗಿಲ ಕಡೆ ತಿರುಗಿದೆ. ಹಿಂದಿನಿಂದ ತಾತ ಅಂದರು, “ಅವರು ಹೋಗಲಿ ಬಿಡೋ. ಮೊದಲು ನನ್ನ ಬೀಗದಕೈ ಕೊಡು.”

ಆ ದನಿ ನಾನು ಮುಂಚೆ ಕೇಳಿರಲಿಲ್ಲ ಅಕ್ಕಾ. ಅಚ್ಚುಕೂಟದಲ್ಲಿ ಹಾಗೆ ಮಾತಾಡ್ತಿದ್ದರೇನೋ.

ಹೊಸ್ತಿಲವರೆಗೆ ಅವರೇ ಬಂದರು. “ಕ್ಷಮಿಸಿದ್ದೀನಿ ಅಂತ ಈಗಲೇ ಹೇಳಿದರೆ ಸುಳ್ಳಾಗುತ್ತೆ. ದೇವರು ಗೀವರು ನನಗೆ ಅಷ್ಟು ತಿಳಿಯಲ್ಲ. ಎರಡು ತಿಂಗಳು ನನಗೆ ಹುಚ್ಚು ಹಿಡೀತಿದೆ ಅಂದುಕೊಂಡು ಬದುಕಿದ್ದೀನಮ್ಮ,” ಅಂದರು. ಬಾಗಿಲು ಹಾಕಿಕೊಂಡರು.

ಸೋಮವಾರ ಡಿಪೋ ಸಾಹೇಬರ ಮುಂದೆ ಹೊಸ ವರದಿ ಇಟ್ಟೆ. “ಯಾರಾದರೂ ಕೇಳಿದರಾ ನಿನ್ನ? ಮುಚ್ಚಿದ ಫೈಲು!” ಅಂತ ತಲೆ ಚಚ್ಚಿಕೊಂಡರು. ಆಮೇಲೆ ಬಸ್ಸಿನ ಕೀ ಕೊಡು ಅಂತ ಕೈ ಚಾಚಿದರು. ಕೊಟ್ಟೆ. ವಿಚಾರಣೆ ಮುಗಿಯೋವರೆಗೂ ಮನೆಯಲ್ಲೇ ಇರಬೇಕು.

ಇವತ್ತು ಪರಮಪ್ರಸಾದಕ್ಕೆ ಎದ್ದು ಹೋದೆ. ಸಾಲಿನಲ್ಲಿ ನಮ್ಮನೆಯವರು ಹಿಂದಿನಿಂದ ಮೊಣಕೈಯಲ್ಲಿ ತಿವಿದು, “ಹೊಟ್ಟೆ ಸರಿಹೋಯ್ತಾ?” ಅಂದರು.

ಚೂಟಿ

ಏಪ್ರಿಲ್ ೭

ಚೂಟಿ,

ನಿನ್ನೆ ಪೆಟ್ಟಿಗೆ ತೆರೆದರು. ನಿನ್ನ ಎರಡು ಕಾಗದವನ್ನೂ ತೋಟದ ಮೂಲೆಗೆ ಹೋಗಿ ಓದಿದೆ. ಯಾರಿಗೂ ಓದಿ ಹೇಳಿಲ್ಲ.

ಏನು ಬರೆಯಲಿ? ನೀನು ಸುಡುತ್ತಿದ್ದೆ, ನಾನು ಸುಂದರವಾಗಿ ಬೆಳಗುತ್ತಿದೆ ಅಂತ ಹೊಗಳುತ್ತಿದ್ದೆ. ಮಾತಾಡೋದಿದೆ ಬರ್ಲಾ ಅಂದವಳನ್ನು ಬೇಡ ಅಂದೆ. ಅದಕ್ಕೆ ಕಾರಣ ಹೇಳಲಿಲ್ಲ. ಈಗ ಹೇಳುತ್ತೀನಿ.

ನನಗೆ ಕಿವಿ ಕೇಳಿಸೋದಿಲ್ಲ. ಒಂದೂವರೆ ವರ್ಷದಿಂದ ಕಡಿಮೆಯಾಗುತ್ತಾ ಬಂತು. ಕಂಬಿಯ ಆಚೆ ಕೂತು ನೀನು ಮಾತಾಡಿದರೆ ಅರ್ಧವೂ ತಿಳಿಯುತ್ತಿರಲಿಲ್ಲ, ನಿನಗೆ ಗೊತ್ತಾಗಿಬಿಡುತ್ತಿತ್ತು. ಇಲ್ಲಿ ನಾವು ಮಾತಾಡೋದೇ ಕಮ್ಮಿ, ಹಾಗಾಗಿ ಬಚ್ಚಿಡೋದು ಸುಲಭ. ಎಲ್ಲರೂ ನಕ್ಕಾಗ ನಗುತ್ತಿದ್ದೆ. ಮೊಣಕಾಲೂರಿದಾಗ ಊರುತ್ತಿದ್ದೆ. ಆರ್ಗನ್ನು ಬೆರಳಿನ ನೆನಪಿನಿಂದ ನಡೆಯುತ್ತಿತ್ತು. ಅದೊಂದನ್ನು ನನ್ನಿಂದ ತೆಗೆದುಕೊಂಡರೆ ಈ ಮಠದಲ್ಲಿ ನಾನು ಯಾರು ಅಂತ ಹೆದರಿಕೆ. ತಾತನಿಗೆ ‘ಒಂದೊಂದಾಗಿ ಕೈಬಿಡಬೇಕು’ ಅಂತ ಉಪದೇಶ ಬರೆದವಳು ನಾನೇ.

ಆ ಹುಡುಗಿಯ ವಿಷಯ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳು ಪಿಸುಗುಟ್ಟುತ್ತಿರಲಿಲ್ಲ, ಚೂಟಿ. ಅವಳದು ತೆಳುವಾದ ಎತ್ತರದ ದನಿ. ನನಗೆ ಮೊದಲು ಸತ್ತಿದ್ದೇ ಆ ಎತ್ತರದ ಸ್ವರಗಳು. ತಪಸ್ಸು ಕಾಲವಿಡೀ ಅವಳು ನಿಜವಾಗಿಯೂ ತುಟಿ ಮಾತ್ರ ಆಡಿಸಿದ್ದಾಳೆ, ನಾನು ಹೇಳಿದ ಹಾಗೆ. ಮನೆಗೆ ವಾಪಸ್ ಹೋಗುತ್ತೀನಿ ಅಂತ ಮದರ್ ಹತ್ತಿರ ಅತ್ತಿದ್ದಳಂತೆ.

ನಿನ್ನೆ ಸಂಜೆಯ ಪ್ರಾರ್ಥನೆಗೆ ಮುಂಚೆ ಮದರ್‌ಗೆ ಹೇಳಿದೆ. ಅವರು ನನ್ನ ಕಿವಿಯ ಹತ್ತಿರ ಬಗ್ಗಿ ಏನೋ ಅಂದರು. ಏನು ಅಂದೆ. ಬರೆದು ತೋರಿಸಿದರು: “ಆರು ತಿಂಗಳಿಂದ ಗೊತ್ತು. ನೀನಾಗಿ ಹೇಳಲಿ ಅಂತ ಕಾಯುತ್ತಿದ್ದೆ.” ಆಮೇಲೆ ಆ ಹುಡುಗಿಯನ್ನು ಕರೆಸಿ, ಎಲ್ಲರ ಮುಂದೆಯೇ ಹೇಳಿದೆ, ದನಿ ಇಲ್ಲದ್ದು ನಿನಗಲ್ಲಮ್ಮ, ಕಿವಿ ಇಲ್ಲದ್ದು ನನಗೆ. ಸಂಜೆ ಹಾಡುವಾಗ ಎಲ್ಲರೂ ತಿರುಗಿ ತಿರುಗಿ ಅವಳ ಕಡೆ ನೋಡುತ್ತಿದ್ದರು. ಚೆನ್ನಾಗಿತ್ತೇನೋ. ನೋಡಿಯೇ ತಿಳಿದುಕೊಂಡೆ.

ನೀನು ದೊಡ್ಡವಳಾಗಿಬಿಟ್ಟೆ. ಕೆಲಸದ ವಿಷಯ ಏನಾಯ್ತು ಬರಿ.

ಅಕ್ಕ

ಏಪ್ರಿಲ್ ೧೯

ಅಕ್ಕಾ,

ನೀನು ನನ್ನ ಬೇಡ ಅಂದಿದ್ದು ನಾನು ಸಾಲದವಳು ಅಂತ ಅಂದುಕೊಂಡು ಮೂರು ತಿಂಗಳು ಒಳಗೊಳಗೇ ಉರಿದೆನಲ್ಲ! ಕಿವಿ ಅಂತ ಒಂದು ಮಾತು ಬರೆದಿದ್ದರೆ ಏನು ಗಂಟು ಹೋಗ್ತಿತ್ತು?

ವಿಚಾರಣೆ ಮುಗೀತು. ಕೆಲಸ ಹೋಗಲಿಲ್ಲ. ಒಂದು ವರ್ಷ ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ, ಬಸ್ಸು ತೊಳೆಯೋ ಕಡೆ ಹಾಕಿದ್ದಾರೆ. ಹಳೆಯ ಬೂಟು ಇನ್ನೂ ಕಾಲಿಗೆ ಆಗುತ್ತೆ. ಮೊದಲ ದಿನ ಪೈಪು ಹಿಡಿದಾಗ ಅಳು ಬಂತು, ಸುಳ್ಳು ಹೇಳಲ್ಲ. ಒಳಗೆ ಸೀಟು ಒರೆಸುವಾಗ ಒಂದೊಂದು ಸೀಟಿಗೆ ಒಂದೊಂದು ‘ನಮೋ ಮರಿಯ’ ಹೇಳ್ತೀನಿ. ಜಪಸರಕ್ಕೆ ಐವತ್ತು ಬೇಕು, ಬಸ್ಸಲ್ಲಿರೋದು ನಲವತ್ತೊಂದು. ಉಳಿದಿದ್ದಕ್ಕೆ ಕಿಟಕಿ.

ತಾತನಿಗೆ ಹೊಸ ವರದಿಯ ಒಂದು ಪ್ರತಿ ಅಂಚೆಯಲ್ಲಿ ಕಳಿಸಿದ್ದೆ. ನಿನ್ನೆ ವಾಪಸ್ ಬಂತು. ಬೇಡ ಅಂತ ತಿರುಗಿಸಿದ್ದಾರೆ ಅಂದುಕೊಂಡೆ. ಬಿಚ್ಚಿ ನೋಡಿದರೆ ಕೆಂಪು ಶಾಯಿಯಲ್ಲಿ ಮೂರು ಕಾಗುಣಿತದ ತಪ್ಪು ತಿದ್ದಿದ್ದಾರೆ! ಎಡಗೈಯಲ್ಲಿ, ಸೊಟ್ಟಂಪಟ್ಟ. ಕೆಳಗೆ ಒಂದು ಸಾಲು: “ವಿಷಯ ಸರಿಯಾಗಿದೆ.”

ಮುಂದಿನ ತಿಂಗಳ ಕೊನೆಗೆ ರೈಲು ಹತ್ತುತ್ತೀನಿ. ನೀನು ಬೇಡ ಅಂದರೂ ಈ ಸಲ ನನಗೆ ಕೇಳಿಸಲ್ಲ. ಯಾವ ಕಿವಿ ವಾಸಿ ಅಂತ ಬರಿ, ಆ ಕಡೆ ಕೂರ್ತೀನಿ.

ಚೂಟಿ

ಜೂನ್ ೮

ಅಕ್ಕಾ,

ಊರಿಗೆ ಬಂದ ಮೇಲೆ ಎರಡು ದಿನ ಗಂಟಲು ಕಟ್ಟಿತ್ತು. ನಿನ್ನ ಜೊತೆ ಅಷ್ಟು ಕೂಗಾಡಿದ್ದೀನಿ. ಅಮ್ಮನ ಬಗ್ಗೆ ನಾವು ಆಡಿದ ಗುಟ್ಟೆಲ್ಲ ಇಡೀ ಮಠಕ್ಕೆ ಗೊತ್ತಾಗಿರಬೇಕು.

ನಿನ್ನೆ ಒಂದು ಸಂಗತಿ ನಡೀತು. ನಮ್ಮ ಡಿಪೋದಲ್ಲಿ ಒಬ್ಬ ಡ್ರೈವರ್ ಇದ್ದಾನೆ, ಮೀಸೆ ಅಂತಲೇ ಕರೀತಾರೆ. ನಾನು ಪೈಪು ಹಿಡಿದ ದಿನದಿಂದ ನನ್ನ ಕಂಡರೆ ಎರಡು ಕೈ ಜೋಡಿಸಿ, “ಸಂತಮ್ಮನವರೇ, ನಮ್ಮ ಬಸ್ಸಿಗೂ ಸ್ವಲ್ಪ ತೀರ್ಥ ಹಾಕಿ,” ಅನ್ನೋನು. ನಾನು ಅವನ ಕಾಲಿಗೇ ನೀರು ಬಿಡ್ತಿದ್ದೆ.

ನಿನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಬಂದ. ಕೈ ಜೋಡಿಸಲಿಲ್ಲ. ಕೈಯಲ್ಲಿ ವರದಿಯ ಫಾರಂ. ಬೆಳಿಗ್ಗೆ ಯಾರದೋ ತಳ್ಳುಗಾಡಿಗೆ ಅವನ ಬಸ್ಸು ತಗುಲಿದೆ, ಗಾಡಿಯವನಿಗೆ ಏನೂ ಆಗಿಲ್ಲ, ಗಾಡಿ ನಜ್ಜುಗುಜ್ಜಾಗಿದೆ. ನನ್ನ ಎದುರಿನ ಬೆಂಚಲ್ಲಿ ಕೂತ. ಫಾರಂ ಮಡಿಸಿದ, ಬಿಡಿಸಿದ.

“ನೀನು ಹೇಗೆ ಬರೆದೆ?” ಅಂದ.

“ಯಾವುದನ್ನ, ಮೊದಲನೇದಾ ಎರಡನೇದಾ?”

“ಎರಡನೇದು.”

“ಏನಾಯ್ತೋ ಅದನ್ನ ಬರೆದೆ.”

“ಆಮೇಲೆ ನಿದ್ದೆ ಬಂತಾ?”

“ಅವತ್ತು ಬರಲಿಲ್ಲ. ಮಾರನೇ ದಿನ ಬಂತು.”

ಅವನು ಮೀಸೆ ತಿರುವಿಕೊಂಡ, ಪೆನ್ನು ಕೇಳಿದ. ಕೊಟ್ಟೆ. ಏನು ಬರೆದ ಅಂತ ನನಗೆ ತೋರಿಸಲಿಲ್ಲ, ನಾನೂ ಇಣುಕಲಿಲ್ಲ. ಆದರೆ ಅರ್ಧ ಗಂಟೆ ಬರೆದ ಅಕ್ಕಾ. ನಡುವೆ ಎರಡು ಸಲ ಹೊಡೆದು ಹಾಕಿದ, ಹಾಳೆ ಹಿಂದೆ ತಿರುಗಿಸಿಯೂ ಬರೆದ. ಸುಳ್ಳಿಗೆ ಅಷ್ಟು ಜಾಗ ಬೇಡ. ನನ್ನದು ಒಂದೇ ಸಾಲು ಇತ್ತು.

ಏಳನೇ ನಂಬರಿನ ಬಸ್ಸು ಕೆಸರು ಮೆತ್ತಿಕೊಂಡು ಒಳಗೆ ಬಂತು. ಹೋಗ್ತೀನಿ.

ನಿನ್ನ ಚೂಟಿ